ಅದು ಎಐ ಹಾಡಲ್ಲ ದೊಡ್ಡಪ್ಪ

ಭಾನುವಾರ ಮೈಸೂರಿನಲ್ಲಿ ದೊಡ್ಡಪ್ಪನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟ ಮುಗಿಸಿ ಎಲ್ಲರೂ ಹಾಲ್‌ನಲ್ಲಿ ಚಾಪೆ ಮೇಲೆ ಉರುಳಿಕೊಂಡಿದ್ದೆವು. ಅಕ್ಕನ ಮಗಳು, ಇಂಜಿನಿಯರಿಂಗ್ ಎರಡನೇ ವರ್ಷ, ಟಿವಿ ಪಕ್ಕದ ಸ್ಪೀಕರಿಗೆ ಮೊಬೈಲ್ ಕನೆಕ್ಟ್ ಮಾಡಿ ಒಂದು ಜಪಾನಿ ಹಾಡು ಹಾಕಿದಳು. ಚೂಪು ದನಿ, ಬಾಲಕ್ಕೆ ಬೆಂಕಿ ಬಿದ್ದ ಹಾಗೆ ವೇಗ. ಅರ್ಧ ನಿಮಿಷ ಆಗಿರಬೇಕು. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದರು, "ಏನಮ್ಮಾ ಅದು, ಎಐ ಹಾಡಾ? ಬಟನ್ ಒತ್ತಿದ್ರೆ ಗಂಟೆಗೆ ನೂರು ಬರುತ್ತಂತೆ. ಮನುಷ್ಯರು ಹಾಡೋದನ್ನ ಕೇಳಮ್ಮ."

"ಸರಿ ತಾತ" ಅಂದಳು. ಆಫ್ ಮಾಡಿದಳು. ಇಯರ್‌ಫೋನ್ ಹುಡುಕಿಕೊಂಡು ಮಹಡಿಗೆ ಹೋದಳು.

ಅಷ್ಟೇ ನಡೆದದ್ದು. ನನಗೆ ಮಾತ್ರ ಮೂರು ದಿನದಿಂದ ಹೊಟ್ಟೆ ಉರಿಯುತ್ತಿದೆ. ಅಲ್ಲೇ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ದೊಡ್ಡಪ್ಪ ಫೇಸ್‌ಬುಕ್ಕಿನಲ್ಲಿಲ್ಲ, ಆ ಧೈರ್ಯದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಅವಳು ಹಾಕಿದ್ದು 'ರೋಲಿಂಗ್ ಗರ್ಲ್'. 2010ರ ಹಾಡು. ಆಗ ಎಐ ಅನ್ನೋ ಪದ ನಮ್ಮ ಮನೆಗಳ ಹಾಲ್‌ಗೆ ಕಾಲಿಟ್ಟಿರಲೇ ಇಲ್ಲ. ವೊವಾಕಾ ಅನ್ನೋ ಹೆಸರಿನ, ಇಪ್ಪತ್ತೆರಡು ವರ್ಷದ ಹುಡುಗ ಮಾತು ಬರೆದು, ರಾಗ ಹಾಕಿ, ವೋಕಲಾಯ್ಡ್ ಅನ್ನೋ ಸಾಫ್ಟ್‌ವೇರ್ ಕೈಲಿ ಹಾಡಿಸಿದ. ಬೀಳುವ, ಏಳುವ, ಇನ್ನೊಂದು ಸಲ ಅನ್ನುವ, ಮತ್ತೆ ಬೀಳುವ ಹುಡುಗಿಯ ಹಾಡು. ಎರಡು ಸಬ್ಜೆಕ್ಟ್ ಬ್ಯಾಕ್ ಇರುವ ಹುಡುಗಿ ಅದನ್ನು ಯಾಕೆ ಕೇಳುತ್ತಾಳೆ ಅಂತ ನಾನು ಬಿಡಿಸಿ ಹೇಳಬೇಕಾ? (ಬ್ಯಾಕ್ ವಿಷಯ ಅಕ್ಕನಿಗೆ ಗೊತ್ತಿಲ್ಲ. ಅಕ್ಕನೂ ಇಲ್ಲಿಲ್ಲ.)

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ವೋಕಲಾಯ್ಡ್ ಅಂದರೆ ಯಮಾಹಾ ಕಂಪನಿ ಮಾಡಿದ, ಹಾಡುವ ಸಾಫ್ಟ್‌ವೇರ್. ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ಜಪಾನಿನ ಹುಡುಗರು ಮೊಟಕು ಮಾಡಿ 'ಬೊಕಾರೊ' ಅಂತಾರೆ. ನಮಗೆ ಬೊಕಾರೊ ಅಂದ್ರೆ ಉಕ್ಕಿನ ಕಾರ್ಖಾನೆ, ಇರಲಿ. 2007ರ ಆಗಸ್ಟ್ 31ಕ್ಕೆ ಸಪ್ಪೊರೊದ ಕ್ರಿಪ್ಟನ್ ಅನ್ನೋ ಕಂಪನಿ ಅದರಲ್ಲಿ ಒಂದು ಹೊಸ ದನಿ ಬಿಟ್ಟಿತು. ಹೆಸರು ಹತ್ಸುನೆ ಮಿಕು. 'ರೋಲಿಂಗ್ ಗರ್ಲ್' ಹಾಡಿರೋದು ಇವಳೇ. ದನಿಯ ಜೊತೆಗೆ ಒಂದು ಹುಡುಗಿಯ ಚಿತ್ರವನ್ನೂ ಬರೆದರು: ಎರಡು ಉದ್ದ ಹಸಿರು-ನೀಲಿ ಜುಟ್ಟು, ವಯಸ್ಸು 16, ಎತ್ತರ 158 ಸೆಂಟಿಮೀಟರ್. ದನಿ ಆಕಾಶದಿಂದ ಉದುರಿದ್ದಲ್ಲ. ಫುಜಿತಾ ಸಾಕಿ ಅನ್ನೋ ಕಂಠದಾನ ಕಲಾವಿದೆ ಸ್ಟುಡಿಯೋದಲ್ಲಿ ಕೂತು, ಅರ್ಥವಿಲ್ಲದ ಅಕ್ಷರಗಳ ಸರಮಾಲೆಯನ್ನು ಉಚ್ಚರಿಸಿ ಕೊಟ್ಟಿದ್ದು. ಆ ತುಣುಕುಗಳನ್ನು ಹೊಲಿದರೆ ಹಾಡು.

ಆ ಹೊಲಿಗೆ ಕೆಲಸ ನೋಡಿದ್ದೀರಾ? ಪರದೆಯ ಎಡಗಡೆ ಪಿಯಾನೋ ಮನೆಗಳು ನಿಂತಿರುತ್ತವೆ. ಬಲಗಡೆ ಚೌಕಟ್ಟು. ಒಂದೊಂದು ಸ್ವರಕ್ಕೂ ಒಂದೊಂದು ಪಟ್ಟಿ ಎಳೆಯಬೇಕು, ಅದರೊಳಗೆ ಒಂದೊಂದು ಅಕ್ಷರ ಬರೆಯಬೇಕು. ಇಲ್ಲಿ ದನಿ ಎಷ್ಟು ಏರಬೇಕು, ಎಲ್ಲಿ ನಡುಗಬೇಕು, ಎಲ್ಲಿ ಉಸಿರು ಕೇಳಬೇಕು, ಎಲ್ಲಾ ಕೈಯಲ್ಲೇ ಗೆರೆ ಎಳೆದು ತಿದ್ದೋದು. ಹಾಗೇ ಬಿಟ್ಟರೆ ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಥರ ಬರುತ್ತೆ. ಬಟನ್ ಒತ್ತಿದ್ರೆ ನೂರು ಹಾಡು ಅನ್ನೋರನ್ನು ಈ ಪರದೆ ಮುಂದೆ ಕೂರಿಸಿ ಒಂದು ಸಾಲು ಹಾಡಿಸಿ ಅನ್ನಬೇಕು. ಸಂಜೆ ಕಾಫಿ ಹೊತ್ತಿಗೆ ಎದ್ದು ಬರುತ್ತಾರೆ, ಸಾಲು ಅಲ್ಲೇ ಇರುತ್ತೆ.

ಗೊತ್ತು ಗೊತ್ತು, ಕಾಮೆಂಟಿನಲ್ಲಿ ಯಾರೋ ಬಂದು "ಮೇಡಂ, ಈಗಿನ ವರ್ಷನ್‌ನಲ್ಲಿ ಎಐ ಇದೆ" ಅಂತಾರೆ. ಇದೆ. 2022ರ ವೋಕಲಾಯ್ಡ್ 6ರಲ್ಲಿ ಇದೆ. ಅದು ದನಿಯನ್ನು ನಯ ಮಾಡೋದಕ್ಕೆ. ಮಾತು, ರಾಗ ಈಗಲೂ ಯಾರದೋ ತಲೆಯಿಂದಲೇ ಬರಬೇಕು. ಹೊಲಿಗೆ ಮಿಷನ್ನಿಗೆ ಮೋಟಾರ್ ಹಾಕಿಸಿದ ತಕ್ಷಣ ರವಿಕೆ ತಾನೇ ಕತ್ತರಿಸಿಕೊಂಡು ಬರುತ್ತಾ?

ಇನ್ನೊಂದು, "ಭಾವ ಇಲ್ಲ, ಜೀವ ಇಲ್ಲ". ಇದನ್ನು ಹೇಳೋದು ಯಾರು? ಪರದೆ ಮೇಲೆ ಒಬ್ಬಳು ಬಾಯಾಡಿಸಿ, ಹಿಂದೆ ಇನ್ನೊಬ್ಬರು ಹಾಡಿದ್ದಕ್ಕೆ ಅರವತ್ತು ವರ್ಷ ಕಣ್ಣೀರು ಹಾಕಿದ ನಾವು! ಜಪಾನಿನವರಿಗಂತೂ ಇದು ಹಳೇ ಅಭ್ಯಾಸ. ಅವರ ಬುನ್ರಾಕು ಗೊಂಬೆಯಾಟದಲ್ಲಿ ಗೊಂಬೆ ಆಡಿಸುವವರು ಮೂರು ಜನ ಎದುರಿಗೇ ಕಾಣುತ್ತಾರೆ. ದನಿ ಕೊಡುವವರು ಪಕ್ಕದ ಕಟ್ಟೆಯಲ್ಲಿ, ಶಮಿಸೆನ್ ನುಡಿಸುವವರ ಜೊತೆ ಕೂತಿರುತ್ತಾರೆ. ಏನೂ ಮುಚ್ಚಿಟ್ಟಿಲ್ಲ. ಆದರೂ ಒಸಾಕಾದ ಜನ ಮುನ್ನೂರು ವರ್ಷದಿಂದ ಆ ಮರದ ಮುಖ ನೋಡಿ ಅತ್ತಿದ್ದಾರೆ. ನಮ್ಮ ಕರಾವಳಿಯ ಯಕ್ಷಗಾನ ಗೊಂಬೆಗಳಿಗೆ ಭಾಗವತರು ಪದ ಹೇಳೋದನ್ನ ನೋಡಿದವರಿಗೂ ಇದು ಹೊಸದಲ್ಲ.

ಅಂದ ಹಾಗೆ, ದೊಡ್ಡಪ್ಪ ದಿನಾ ಬೆಳಗ್ಗೆ ಅಭ್ಯಾಸಕ್ಕೆ ಕೂರೋದು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಆನ್ ಮಾಡಿಕೊಂಡೇ. ತಂಬೂರಿ ಅಟ್ಟದ ಮೇಲಿದೆ, ಒಂದು ತಂತಿ ಇಲ್ಲ. ಸುಮ್ನೆ ಹೇಳಿದೆ.

ಈಗ ನಿಜ ಹೇಳಿಬಿಡ್ತೀನಿ. ಇಷ್ಟು ಕೋಪ ಬರೋಕೆ ಮಿಕು ಒಬ್ಬಳೇ ಕಾರಣ ಅಲ್ಲ. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸಂಗೀತದ ಮೇಷ್ಟ್ರು ಒಬ್ಬರು ಎಲ್ಲರ ಮುಂದೆ, "ನಿನ್ನ ಜ್ಞಾನ ಚೆನ್ನಾಗಿದೆ ಕಣಮ್ಮ, ಕಂಠ ಮಾತ್ರ ತಗಡು" ಅಂದಿದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತಿಂದ ಬಚ್ಚಲಿನಲ್ಲೂ ಹಾಡಿಲ್ಲ. ರಾಗಗಳು ಮಾತ್ರ ಬರೋದು ನಿಲ್ಲಲಿಲ್ಲ. ಹನ್ನೆರಡು ಹಾಡು ಒಂದು ನೋಟ್‌ಬುಕ್ಕಿನಲ್ಲಿವೆ, ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ. ಯಾರ ಕೈಲಿ ಹಾಡಿಸಲಿ? ಯಾರನ್ನು ಕೇಳಲಿ? ಕೇಳೋಕೇ ನಾಚಿಕೆ.

ಜಪಾನಿನಲ್ಲಿ ಅಂಥವರಿಗೆ 2007ರಲ್ಲಿ ಒಂದು ಕಂಠ ಸಿಕ್ಕಿತು ನೋಡಿ. ನನ್ನ ಕೋಪ ಇರೋದು ಇಲ್ಲಿ. ಯಾರಿಗೂ ಗೊತ್ತಿಲ್ಲದ ಹುಡುಗರು ತಮ್ಮ ಕೋಣೆಯಲ್ಲಿ ಕೂತು ಹಾಡು ಕಟ್ಟಿ ನಿಕೊನಿಕೊ ಅನ್ನೋ ವಿಡಿಯೋ ತಾಣಕ್ಕೆ ಹಾಕಿದರು. ಹಾಚಿ ಅನ್ನೋ ಹೆಸರಿನಲ್ಲಿ ಹಾಕುತ್ತಿದ್ದವನು ಇವತ್ತು ಯೊನೆಜು ಕೆನ್ಶಿ, ಅಲ್ಲಿನ ದೊಡ್ಡ ಗಾಯಕರಲ್ಲಿ ಒಬ್ಬ. ಯೊಆಸೊಬಿ ಅನ್ನೋ ಸಂಗೀತ ಜೋಡಿಯ ಅಯಾಸೆ ಕೂಡ ಅಲ್ಲಿಂದಲೇ ಬಂದವನು. ಮಿಕು ಗಂಟಲಿಗೆ ಬರೆದ, ಉಸಿರೇ ಬಿಡದ ಹಾಡುಗಳನ್ನು ಹಟ ಹಿಡಿದು ಹಾಡಿ ಪಳಗಿದ ಗಾಯಕರೂ ಇದ್ದಾರೆ. ಇದನ್ನೆಲ್ಲ ಒಂದೇ ಏಟಿಗೆ "ಎಐ" ಅಂದುಬಿಟ್ಟರೆ ಹೇಗೆ?

ಹದಿನೆಂಟು-ಇಪ್ಪತ್ತರ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಕೇಳಿಸಿ. ಅವರು ಆಗಲೇ ಕೇಳಿರುತ್ತಾರೆ, ನೀವು ಕೇಳಿ. 2007ರ ಡಿಸೆಂಬರಿನ 'ಮೆಲ್ಟ್' ಮೊದಲು. ಹವಾಮಾನ ವರದಿ ಸುಳ್ಳಾಗಿ ಜೋರು ಮಳೆ, ಹುಡುಗ ಹುಡುಗಿ ಒಂದೇ ಕೊಡೆಯ ಕೆಳಗೆ, ಅಷ್ಟೇ ಕಥೆ. ದನಿ ಚುಚ್ಚುತ್ತೆ, ಒಪ್ಪಿದೆ. ನನಗೂ ಮೊದಲ ಸಲ ಚುಚ್ಚಿತ್ತು, ಎರಡನೇ ಹಾಡಿಗೆ ತಲೆನೋವು ಬಂದಿತ್ತು. ನಾಲ್ಕನೇ ದಿನ ಪಾತ್ರೆ ತೊಳೆಯುವಾಗ ಗುನುಗುತ್ತಿದ್ದೆ. ಆಮೇಲೆ 'ರೋಲಿಂಗ್ ಗರ್ಲ್'. ಅದನ್ನು ಬರೆದ ವೊವಾಕಾ 2019ರ ಏಪ್ರಿಲ್‌ನಲ್ಲಿ ತೀರಿಕೊಂಡ, 31 ವರ್ಷ. ಅವನು ಎಳೆದ ಗೆರೆಗಳ ಮೇಲೆ ಮಿಕು ಇನ್ನೂ ಹಾಡುತ್ತಿದ್ದಾಳೆ. ದೊಡ್ಡಪ್ಪ ಆಫ್ ಮಾಡಿಸಿದ್ದು ಅದನ್ನೇ.

ಸೋಮವಾರ ರಾತ್ರಿ ನಿದ್ದೆ ಬರದೆ ಉತಾಉ ಅನ್ನೋ, ಇದೇ ಥರ ಹಾಡಿಸುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡೆ. ದನಿ ಕಸಾನೆ ತೆತೊದು. ಈ ತೆತೊ 2008ರಲ್ಲಿ ಏಪ್ರಿಲ್ ಫೂಲ್ ಮಾಡೋಕೆ ಹುಟ್ಟಿಸಿದ ಸುಳ್ಳು ಗಾಯಕಿ. ಆಮೇಲೆ ನಿಜವಾಗಿಯೂ ದನಿ ಕೊಟ್ಟರು. 2023ರಲ್ಲಿ ಅವಳ ದನಿಯ ಸಾಫ್ಟ್‌ವೇರ್ ಅಂಗಡಿಗೂ ಬಂತು. ನನಗೆ ತಕ್ಕ ಗಾಯಕಿ ಅನ್ನಿಸಿತು.

ನೋಟ್‌ಬುಕ್ಕಿನ ಮೊದಲ ಹಾಡು ಶುರುವಾಗೋದು "ಮಳೆ ಬಂತು" ಅಂತ. ಜಪಾನಿ ದನಿಯಲ್ಲಿ ಳ ಇಲ್ಲ, ಲ ಕೂಡ ಇಲ್ಲ, ಇರೋದು ರ. ತ ಸಾಲಿನಲ್ಲಿ ತು ಜಾಗಕ್ಕೆ ತ್ಸು. ಎರಡು ಗಂಟೆ ಗುದ್ದಾಡಿದ ಮೇಲೆ ತೆತೊ ಹಾಡಿದ್ದು "ಮರೆ ಬಂತ್ಸು". ಕತ್ತಲೆಯಲ್ಲಿ ಒಬ್ಬಳೇ ಕೂತು ಅದನ್ನೇ ಇಪ್ಪತ್ತು ಸಲ ಕೇಳಿದೆ. ನನ್ನ ರಾಗ ನನ್ನ ತಲೆಯ ಹೊರಗೆ ಕೇಳಿಸಿದ್ದು ಅದೇ ಮೊದಲು.

ಧೈರ್ಯ ಮಾಡಿ ಫೈಲನ್ನು ಅಕ್ಕನ ಮಗಳಿಗೆ ವಾಟ್ಸಾಪ್ ಮಾಡಿದೆ. ರಾತ್ರಿ ಒಂದೂವರೆಗೂ ಎದ್ದಿತ್ತು ಹುಡುಗಿ. ಉತ್ತರ ತಕ್ಷಣ ಬಂತು:

"ಚಿಕ್ಕಮ್ಮ ಟ್ಯೂನ್ ಸೂಪರ್. ನಡುಕ ಜಾಸ್ತಿ ಹಾಕಿದ್ದೀರ, ಮೇಕೆ ಥರ ಕೇಳ್ತಿದೆ. ಪ್ರಾಜೆಕ್ಟ್ ಫೈಲ್ ಕಳಿಸಿ, ನಾನು ಸರಿ ಮಾಡ್ತೀನಿ. ತಾತಂಗೆ ಹೇಳ್ಬೇಡಿ."