ಉಪ್ಪು ಹಾಕಿ ಆಗಿದೆ!

ನಿನ್ನೆ ರಾತ್ರಿ ನಮ್ಮ ಮನೆಯ ಸಾರಿಗೆ ಮೂರು ಸಲ ಉಪ್ಪು ಬಿತ್ತು. ಮೊದಲು ಹಾಕಿದ್ದು ನಾನು. ದನದ ಹಟ್ಟಿಗೆ ಹೋಗುವಾಗ "ಉಪ್ಪು ಹಾಕಿ ಆಗಿದೆ" ಎಂದು ಕೂಗಿ ಹೇಳಿದೆ. ಅತ್ತೆಗೆ ಕೇಳಿಸಿದ್ದು "ಉಪ್ಪು ಹಾಕಿ". ಹಾಕಿದರು. ಇವರಿಗೆ ಕೇಳಿಸಿದ್ದು ಬರೀ "ಉಪ್ಪು". ಇವರೂ ಹಾಕಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಇವರು ಅಡುಗೆಯಲ್ಲಿ ಸಹಾಯ ಮಾಡಿದ್ದು. ಬೈಯುವುದಕ್ಕೂ ಮನಸ್ಸಾಗಲಿಲ್ಲ.

ತಪ್ಪು ಮಾಡಿನದ್ದು. ಮಾಡು ಎಂದರೆ ನಮ್ಮ ಕಡೆ ಛಾವಣಿ, ಘಟ್ಟದ ಮೇಲಿನವರು ಗಾಬರಿಯಾಗಬೇಡಿ. ಏಪ್ರಿಲ್‌ನಲ್ಲಿ ಹಂಚು ತೆಗೆಸಿ ಶೀಟು ಹಾಕಿಸಿದೆವು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡಿನಲ್ಲಿ ಶೀಟಿನಡಿ ಸಂಸಾರ ಮಾಡುವುದೆಂದರೆ ಚೆಂಡೆಯ ಒಳಗೆ ಬಿಡಾರ ಹೂಡಿದ ಹಾಗೆ.

ಹಂಚು ಯಾಕೆ ತೆಗೆಸಿದ್ರಿ ಅಂತ ಕೇಳಬೇಡಿ. ಮಂಗಗಳು. ತೆಂಗಿನ ಮರದಿಂದ ಒಂದು ಧುಮುಕಿದರೆ ನಾಲ್ಕು ಹಂಚು ಲೆಕ್ಕ. ಬದಲಿಸಲು ಜನ ಸಿಗುವುದಿಲ್ಲ. ಸಿಕ್ಕಿದವರಿಗೆ ಮಾಡು ಹತ್ತಿದರೆ ತಲೆ ತಿರುಗುತ್ತದೆ, ಅವರ ಸಂಬಳ ಕೇಳಿದರೆ ನಮಗೆ. ಕಳೆದ ಮಳೆಗಾಲದಲ್ಲಿ ಮನೆಯ ಪಾತ್ರೆಗಳೆಲ್ಲ ಸೋರುವ ಜಾಗಗಳಿಗೆ ಹೋಗಿ ಕೂತು, ಕೊನೆಗೆ ಅನ್ನ ಬೇಯಿಸಲು ಉಳಿದದ್ದು ಕುಕ್ಕರ್ ಒಂದೇ.

ಸರಿ, ಹೊಸತು ಯಾವುದು ಹಾಕುವುದು? ಇಲ್ಲಿ ನಮ್ಮ ಭಾವನ ಪ್ರವೇಶ.

ಭಾವ ಯಾರ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತಾರೆ. ಚಪ್ಪಲಿ ಬಿಡುವ ಮೊದಲೇ. ಎದುರಿಗೆ ಬೆಲ್ಲ ನೀರು ಹಿಡಿದು ನಿಂತವರು ಹಾಗೇ ನಿಂತಿರಬೇಕು. "ಮಾಡಿನ ಮರದ ಪಕ್ಕಾಸಿಗೆ ಹುಳ ಬಿದ್ದಿದೆ" ಎಂದ ಮೇಲೆಯೇ ನೀರು ಕುಡಿಯುವುದು. ತಮ್ಮ ಮಗನಿಗೆ ಹುಡುಗಿ ನೋಡಲು ಪೆರ್ಲದ ಕಡೆ ಹೋಗಿ ಬಂದಾಗ ನಾವೆಲ್ಲ ಸುತ್ತ ಕೂತು ಹೇಗಿದ್ದಾಳೆ ಎಂದು ಕೇಳಿದೆವು. "ಇಳಿಜಾರು ಸಾಲದು" ಎಂದರು. ಅಕ್ಕ ಎದೆ ಹಿಡಿದುಕೊಂಡಳು. ಅವರು ಹೇಳಿದ್ದು ಆ ಮನೆಯ ಮಾಡಿನ ವಿಷಯ. ಹುಡುಗಿ ಕಾಫಿ ಕೊಟ್ಟದ್ದು ನೆನಪಿದೆ, ಮುಖ ನೆನಪಿಲ್ಲ. ಆ ಸಂಬಂಧ ಕುದುರಲಿಲ್ಲ, ಪುಣ್ಯಕ್ಕೆ ಹುಡುಗಿ ಬೇರೆ ಕಡೆ ಸುಖವಾಗಿದ್ದಾಳೆ.

ಇಂಥವರನ್ನು ಕರೆದುಕೊಂಡು ಬದಿಯಡ್ಕಕ್ಕೆ ಹೋದೆವು. ಮೈಸೂರಿನವಳಾದ ನಮ್ಮ ಸೊಸೆಯೂ ಸುಮ್ನೆ ಬಂದಿದ್ದಳು. ಅಂಗಡಿಯವನು ಮಲಯಾಳದಲ್ಲಿ "ಓಡೋ, ಶೀಟೋ?" ಎಂದ. ಅವನ ಓಡು ನಮ್ಮ ಹಂಚು. ಸೊಸೆ ನನ್ನ ಕಿವಿಯಲ್ಲಿ "ಅತ್ತೆ, ಯಾಕೆ ಓಡ್ಬೇಕು?" ಎಂದಳು. ಆಗಲೇ ಓಡಬೇಕಿತ್ತು.

ಭಾವ ಶೀಟುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ಬಡಿದು ಕಿವಿ ಕೊಟ್ಟರು, ಹಲಸಿನಕಾಯಿ ನೋಡಿದ ಹಾಗೆ. ಪಾಯಿಂಟ್ ನಲವತ್ತೈದು ಮಿಲಿಮೀಟರ್ ದಪ್ಪದ್ದು "ಎಳತು". ಪಾಯಿಂಟ್ ಐದು "ಹ್ಞಾಂ, ಇದು ಬಲಿತದ್ದು". ಅರ್ಧ ಮಿಲಿಮೀಟರ್ ತಗಡಿನಲ್ಲಿ ಎಳತು ಬಲಿತು ಕಂಡುಹಿಡಿದ ಮನುಷ್ಯನ ಮುಂದೆ ಅಂಗಡಿಯವನೂ ಕೈಕಟ್ಟಿ ನಿಂತ. ಬಡಿದಾಗ ಆ ಸದ್ದು ನನಗೂ ಕೇಳಿಸಿತ್ತು. ಮಳೆಯೂ ಹೀಗೇ ಬಡಿಯುತ್ತದೆ ಎಂದು ಆ ಅಂಗಡಿಯಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ? ಬಣ್ಣ ಆರಿಸಲು ಮತ್ತೆ ಒಂದು ಗಂಟೆ. ಕೊನೆಗೆ ಒಪ್ಪಿದ್ದು ಇಟ್ಟಿಗೆ ಕೆಂಪು. ಯಾಕೆ? ದೂರದಿಂದ ಹಂಚಿನ ಹಾಗೆ ಕಾಣ್ತದಂತೆ.

ತೆಗೆದ ಹಂಚುಗಳನ್ನು ಹಟ್ಟಿಯ ಹಿಂದೆ ಪೇರಿಸಿದ್ದೆವು. ಅವುಗಳ ಒಳಮೈಯಲ್ಲಿ ಬಾಸೆಲ್ ಮಿಶನ್ ಹೆಸರು, 1865 ಎಂಬ ಇಸವಿ. ಮನೆ ಕಟ್ಟಿದ್ದೇ ಆ ವರ್ಷ ಎಂದು ಭಾವ ಊರೆಲ್ಲ ಹೇಳಿ ಬಂದಿದ್ದಾರೆ. ಅದು ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ನಮ್ಮ ಅತ್ತೆಯ ಮಾವ ಯಾವುದೋ ಹಳೇ ಕಟ್ಟಡದ ಹಂಚು ಕೊಂಡು ತಂದು ಹೊದಿಸಿದ್ದು. ಮಗನಿಗೆ ಕೆಪ್ಪಟೆ (ಮಂಗನಬಾವು) ಬಂದು ವಾರಗಟ್ಟಲೆ ಮಲಗಿದ್ದಾಗ ಇಂಗ್ಲಿಷ್ ಅಕ್ಷರ ಕಲಿತದ್ದು ಆ ಹಂಚುಗಳನ್ನು ನೋಡಿಯೇ. ನಾನು ಪಕ್ಕದಲ್ಲಿ ಮಲಗಿ ಬೆರಳು ತೋರಿಸುತ್ತಿದ್ದೆ. ಗಾಜಿನ ಹಂಚಿನಿಂದ ಬಿದ್ದ ಬಿಸಿಲು ಅವನ ಕಂಬಳಿ ದಾಟಿ ಹೊಸಿಲಿಗೆ ಬಂದರೆ ನನಗೆ ಅನ್ನ ಬಗ್ಗಿಸುವ ಹೊತ್ತು. ಈಗ ಮಲಗಿ ಮೇಲೆ ನೋಡಿದರೆ ಸ್ಕ್ರೂ.

ನಿನ್ನೆ ಸಂಜೆ ಜೋರು ಮಳೆಯಲ್ಲಿ ಭಾವ ಬಂದಿದ್ದರು. ಮೇಲೆ ನೋಡಿದರು. ಹಟ್ಟಿಯ ಕಡೆ ಕೈ ತೋರಿಸಿ ಏನೋ ಹೇಳಿದರು. ಬಾಯಿ ಅಲುಗಿದ್ದು ಕಂಡಿತು. "ಆಯ್ತು ಭಾವ, ಅದಕ್ಕೇನಂತೆ" ಎಂದು ತಲೆಯಾಡಿಸಿದೆ.

ಇವತ್ತು ಬೆಳಿಗ್ಗೆ ಅಂಗಳಕ್ಕೆ ಪಿಕಪ್ ಬಂತು. ಭಾವ ಹಂಚುಗಳನ್ನು ಒಂದೊಂದಾಗಿ ಬಡಿದು ನೋಡಿ ತುಂಬಿಸುತ್ತಿದ್ದಾರೆ, ಅವರ ಹೊಸ ಅಡಿಕೆ ಕೊಟ್ಟಿಗೆಗಂತೆ. ಅಲ್ಲಿ ಯಾರೂ ಮಾತಾಡುವುದಿಲ್ಲ, ಸಾರಿಗೆ ಉಪ್ಪೂ ಹಾಕುವುದಿಲ್ಲ. ಆದರೂ ಹಂಚೇ ಬೇಕು! ನಾನು ಹೋಗಿ ಅಕ್ಷರ ಚೆನ್ನಾಗಿರುವ ಒಂದನ್ನು ಎತ್ತಿಕೊಂಡು ಬಂದು ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಭಾವ ಲೆಕ್ಕ ಮಾಡುತ್ತಾ ಜಗಲಿಗೆ ಬಂದು ಏನೋ ಕೇಳಿದರು. ಅಷ್ಟರಲ್ಲಿ ಮಳೆ ಹೊಯ್ಯಲು ಶುರುವಾಯಿತು.

ಈ ಸಲ ನಾನು ತಲೆಯಾಡಿಸಲಿಲ್ಲ.