ಸ್ಪಷ್ಟನೆ: ನ್ಯೂಜಿಲೆಂಡಿನವರ 'ಫಶ್' ಸೋಮಾರಿತನವಲ್ಲ

'ನ್ಯೂಜಿಲೆಂಡಿನವರಿಗೆ ನಾಲಿಗೆ ಹೊರಳಿಸೋಕೂ ಸೋಮಾರಿತನ, ಅದಕ್ಕೇ ಫಿಶ್ ಅನ್ನೋದನ್ನ ಫಶ್ ಅಂತಾರೆ' ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಅಲ್ಲಿ ಬದಲಾಗಿದ್ದು ಒಂದು ಸ್ವರವಲ್ಲ, ಮೂರು. ಅವರ 'ಬ್ಯಾಟ್' ನಮ್ಮ ಕಿವಿಗೆ 'ಬೆಟ್' ಅನ್ನೋ ಹಾಗೆ ಕೇಳುತ್ತದೆ. ಅವರು 'ಪೆನ್' ಕೇಳಿದರೆ ನಾವು 'ಪಿನ್' ಹುಡುಕುತ್ತೇವೆ. ಹಾಗಾದರೆ 'ಇ' ಎಲ್ಲಿಗೆ ಹೋಗಬೇಕು? ಅದು ಬಾಯಿಯ ನಡುವಿಗೆ ಸರಿಯಿತು. ಕ್ರಿಕೆಟ್ ಕಾಮೆಂಟರಿಯಲ್ಲಿ 'ಸಿಕ್ಸ್' 'ಸಕ್ಸ್' ಆಗಿ ಕೇಳುವುದು ಇದಕ್ಕೇ. ಬಸ್ಸಿನ ಸೀಟಿನಲ್ಲಿ ಒಬ್ಬರು ಜರುಗಿದರೆ ಪಕ್ಕದವರೂ ಜರುಗುತ್ತಾರೆ ಅಲ್ವಾ, ಹಾಗೆ. ಎಲ್ಲವೂ ಸರಿದಿದ್ದರಿಂದಲೇ ಪದಗಳ ನಡುವಿನ ಅಂತರ ಉಳಿದಿದೆ. ಸೋಮಾರಿತನದಲ್ಲಿ ಇಷ್ಟು ಅಚ್ಚುಕಟ್ಟು ಎಲ್ಲಿರುತ್ತದೆ?

ಇದು ಈಗಿನ ಹುಡುಗರ ಶೋಕಿಯೂ ಅಲ್ಲ. 1946ರಿಂದ 1948ರವರೆಗೆ ಅಲ್ಲಿನ ರೇಡಿಯೊದವರು ಗಾಡಿಯಲ್ಲಿ ರೆಕಾರ್ಡಿಂಗ್ ಯಂತ್ರ ಹೇರಿಕೊಂಡು ಊರೂರು ಸುತ್ತಿದ್ದರು. ಮಾತಾಡಿದ ಹಿರಿಯರಲ್ಲಿ ಕೆಲವರು 1850ರ ದಶಕದಲ್ಲಿ ಹುಟ್ಟಿದವರು. ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಭಾಷಾತಜ್ಞರು ಆ ಧ್ವನಿಗಳನ್ನು ಕೂತು ಕೇಳಿದರು. 'ಬ್ಯಾಟ್', 'ಪೆನ್' ಪದಗಳ ಸ್ವರ ಆಗಲೇ ಸರಿಯತೊಡಗಿತ್ತು. 'ಫಿಶ್' ಸ್ವರ ಸರಿದಿದ್ದು ಆಮೇಲೆ.

ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ.