ಹಾಕಾ ಕುರಿತ ಸಂದೇಶ: ಒಂದು ಸ್ಪಷ್ಟನೆ

ನ್ಯೂಜಿಲೆಂಡ್‌ನ ರಗ್ಬಿ ತಂಡ ಆಲ್ ಬ್ಲ್ಯಾಕ್ಸ್ ಹುಟ್ಟಿದಂದಿನಿಂದಲೂ ಪ್ರತಿ ಪಂದ್ಯಕ್ಕೆ ಮುನ್ನ ಹಾಕಾ (ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಹಾಡು-ನೃತ್ಯ) ಮಾಡುತ್ತಿದೆ, ಅದು ಎದುರಾಳಿಯನ್ನು ಕೊಲ್ಲುವ ಶಪಥ ಎಂಬ ಸಂದೇಶವೊಂದು ವಿಡಿಯೊ ಸಮೇತ ಹರಿದಾಡುತ್ತಿದೆ. ಇದರಲ್ಲಿ ಹುರುಳು ಕಡಿಮೆ, ಉಪ್ಪುಖಾರ ಹೆಚ್ಚು.

ತಂಡ ದೀರ್ಘಕಾಲ ಬಳಸಿದ 'ಕಾ ಮಾಟೆ' ಎಂಬ ಹಾಕಾ ಕೊಲ್ಲುವವನ ಹಾಡಲ್ಲ, ಬದುಕುಳಿದವನ ಹಾಡು. ಸುಮಾರು 1820ರಲ್ಲಿ ನಾಟಿ ತೋವಾ ಕುಲದ ಮಾವೋರಿ ನಾಯಕ ತೆ ರೌಪರಾಹ, ಬೆನ್ನಟ್ಟಿದ ವೈರಿಗಳಿಂದ ತಪ್ಪಿಸಿಕೊಳ್ಳಲು ಗೆಣಸು ಕೂಡಿಡುವ ಗುಂಡಿಯಲ್ಲಿ ಅಡಗಿದ್ದ. ಅಪಾಯ ಕಳೆದು ಬಿಸಿಲಿಗೆ ಬಂದಾಗ ಕಟ್ಟಿದ್ದೇ ಈ ಹಾಕಾ ಎಂಬುದು ಕುಲದವರ ಹೇಳಿಕೆ. ಅದರೊಂದಿಗೆ ನಾಟಿ ತೋವಾ ಕುಲಕ್ಕಿರುವ ನಂಟನ್ನು ನ್ಯೂಜಿಲೆಂಡ್ ಸಂಸತ್ತು 2014ರಲ್ಲಿ ಕಾನೂನಿನ ಮೂಲಕವೇ ಮಾನ್ಯ ಮಾಡಿದೆ.

'ಪ್ರತಿ ಪಂದ್ಯ' ಎಂಬುದೂ ಸುಳ್ಳು. 1905ರ ಬ್ರಿಟನ್ ಪ್ರವಾಸದಲ್ಲಿ ತಂಡ ಹಾಕಾ ಮಾಡಿದ್ದು ನಿಜ. ಆದರೆ ಮುಂದಿನ ದಶಕಗಳಲ್ಲಿ ಅದು ಬಹುಮಟ್ಟಿಗೆ ವಿದೇಶ ಪ್ರವಾಸಗಳಿಗಷ್ಟೇ ಮೀಸಲಾಗಿತ್ತು, ತವರಿನಲ್ಲಿ ಅಪರೂಪ. ಹಳೆಯ ದೃಶ್ಯಗಳನ್ನು ನೋಡಿ: ಹೆಜ್ಜೆ ತಪ್ಪುತ್ತದೆ, ಕೈ ಎತ್ತಲೋ ಬೇಡವೋ ಎಂಬ ಸಂಕೋಚ ಎದ್ದು ಕಾಣುತ್ತದೆ. ಮಾವೋರಿ ಆಟಗಾರರಾದ ಬಕ್ ಶೆಲ್ಫರ್ಡ್, ಹಿಕಾ ರೀಡ್ ಪಟ್ಟು ಹಿಡಿದು ಸಹ ಆಟಗಾರರಿಗೆ ಅದನ್ನು ಸರಿಯಾಗಿ ಕಲಿಸಿದರು. 1987ರ ವಿಶ್ವಕಪ್‌ನಿಂದೀಚೆಗೆ ತವರಿನಲ್ಲೂ ಅದು ರೂಢಿಯಾಯಿತು.

ಇನ್ನು ವಿಡಿಯೊದಲ್ಲಿ ಕತ್ತು ಕೊಯ್ಯುವಂತೆ ಕಾಣುವ ಸನ್ನೆ 'ಕಾ ಮಾಟೆ'ಯದ್ದಲ್ಲ. ಅದು 2005ರಲ್ಲಿ ಮೊದಲು ಪ್ರದರ್ಶನಗೊಂಡ 'ಕಾಪಾ ಓ ಪಾಂಗೊ' ಎಂಬ ಬೇರೆಯೇ ಹಾಕಾದ್ದು. ಪ್ರಾಣಶಕ್ತಿಯನ್ನು ಹೃದಯ, ಶ್ವಾಸಕೋಶಗಳಿಗೆ ಸೆಳೆದುಕೊಳ್ಳುವ ಸಂಕೇತ ಅದು ಎಂದು ರಚನೆಕಾರ ಡೆರೆಕ್ ಲಾರ್ಡೆಲಿ ವಿವರಿಸಿದ್ದಾರೆ. ಎದುರಿಗೆ ನಿಂತ ಆಟಗಾರರಿಗೆ ಹಾಗನ್ನಿಸದಿದ್ದರೆ ಅವರನ್ನು ದೂರುವಂತಿಲ್ಲ, ಬಿಡಿ.